ಮಾವನ ಮನೆಯ ಎರಡು ಹಳೇ ‘ಸ್ಪೈ’ ಚಿತ್ರಗಳು: ಚೌಕಟ್ಟು ಬಿಚ್ಚಲಾ, ಬೇಡವಾ?

ಹಳೇಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿದ್ದ ನಮ್ಮ ಸೋದರಮಾವನ ಮನೆ ಖಾಲಿ ಮಾಡ್ತಾ ಇದ್ದೀವಿ. ಮಾವ ಡಾಕ್ಟರು, ಅರವತ್ತರ ದಶಕದಲ್ಲಿ ಎಡಿನ್‌ಬರ್ಗ್‌ನಲ್ಲಿ ಓದಿ ಬಂದವರು. ಬರುವಾಗ ತಂದ ಎರಡು ಚೌಕಟ್ಟಿನ ಚಿತ್ರಗಳು ಅವರ ರೋಗಿಗಳನ್ನು ನೋಡುವ ಕೋಣೆಯಲ್ಲಿ ನಾನು ಹುಟ್ಟೋ ಮೊದಲಿಂದಲೂ ನೇತಾಡ್ತಿದ್ವು. ಒಂದರಲ್ಲಿ ಉದ್ದ ಕಪ್ಪು ಗಡ್ಡದ ಕ್ರಿಕೆಟಿಗ, ಕೆಳಗೆ ‘ಕ್ರಿಕೆಟ್’ ಅಂತ ಒಂದೇ ಪದ. ಇನ್ನೊಂದರಲ್ಲಿ ಕಪ್ಪು ಕೋಟಿನ ಗಂಭೀರ ಮನುಷ್ಯ, ಕೆಳಗೆ ‘ಫಿಸಿಯಲಾಜಿಕಲ್ ಫಿಸಿಕ್’. ಎರಡರ ಮೂಲೆಯಲ್ಲೂ ‘ಸ್ಪೈ’ ಅನ್ನೋ ಸಹಿ. ಕಪ್ಪು ಮರದ ಚೌಕಟ್ಟು, ಅಂಚಿಗೆ ಚಿನ್ನದ ಗೆರೆ.

ಚಿತ್ರದ ಸುತ್ತ ಇರೋ ರಟ್ಟಿನ ಅಂಚಿಗೆ ಸರಿಯಾಗಿ ಒಂದು ಕಂದು ಗೆರೆ ಬಿದ್ದಿದೆ, ಅಲ್ಲಲ್ಲಿ ಚಹಾ ಚೆಲ್ಲಿದ ಹಾಗೆ ಚುಕ್ಕೆಗಳು. ಒಂದು ಫ್ರೇಮ್ ಅಂಗಡಿಗೆ ಹೋದೆ. "ಬಿಚ್ಚಿ, ಅಂಚು ಕತ್ತರಿಸಿ, ಲ್ಯಾಮಿನೇಟ್ ಮಾಡಿ ಹೊಸ ಫ್ರೇಮ್ ಹಾಕ್ಕೊಡ್ತೀವಿ" ಅಂದ್ರು. ಧೈರ್ಯ ಬರಲಿಲ್ಲ, ವಾಪಸ್ ತಂದೆ. ಇವು ಅಸಲಿನಾ? ಬಿಚ್ಚಬಹುದಾ? ಮಾವ ಹೋಗಿ ಎಂಟು ತಿಂಗಳಾಯ್ತು, ಇವನ್ನ ನನ್ನ ಕೈಯಾರೆ ಹಾಳು ಮಾಡೋಕೆ ಇಷ್ಟ ಇಲ್ಲ.

ಲೀಡ್ಸ್_ಕನ್ನಡತಿ
ಲ್ಯಾಮಿನೇಟ್ ಬೇಡ!! ವಾಪಸ್ ತಂದಿದ್ದು ಎಷ್ಟು ಒಳ್ಳೇದಾಯ್ತು ನೋಡಿ.

ಗಡ್ಡದವರು ಡಬ್ಲ್ಯು.ಜಿ. ಗ್ರೇಸ್. ಇಂಗ್ಲೆಂಡಿನ ‘ವ್ಯಾನಿಟಿ ಫೇರ್’ ವಾರಪತ್ರಿಕೆಯಲ್ಲಿ 1877ರ ಜೂನ್ 9ರಂದು ಬಂದ ಚಿತ್ರ. ಇನ್ನೊಬ್ಬರು ಸರ್ ವಿಲಿಯಂ ಗಲ್, ವಿಕ್ಟೋರಿಯಾ ರಾಣಿಯ ಕಾಲದ ದೊಡ್ಡ ವೈದ್ಯ. ಅದು 1875ರ ಡಿಸೆಂಬರ್ 18ರ ಸಂಚಿಕೆಯದ್ದು. ‘ಸ್ಪೈ’ ಅಂದ್ರೆ ಲೆಸ್ಲಿ ವಾರ್ಡ್. 1873ರಿಂದ 1911ರವರೆಗೆ ಆ ಒಂದು ಪತ್ರಿಕೆಗೇ 1300ಕ್ಕೂ ಹೆಚ್ಚು ಚಿತ್ರ ಬರೆದವರು.

ಅಸಲಿಯೋ ಅಲ್ಲವೋ ಅನ್ನೋದು ಫೋಟೋ ನೋಡಿ ಹೇಳೋಕಾಗಲ್ಲ. ಅದರಲ್ಲೂ ಗ್ರೇಸ್ ಚಿತ್ರದ ಮರುಮುದ್ರಣ ಇಲ್ಲಿ ಪಬ್‌ಗಳ ಗೋಡೆ ತುಂಬಾ ಇದೆ.

ಮಂಡ್ಯದ_ಮಗ
ವ್ಯಾನಿಟಿ ಫೇರ್ ಅಂದ್ರೆ ಈಗಲೂ ಬರುತ್ತಲ್ಲ, ಸಿನಿಮಾ ನಟಿಯರ ಮುಖಪುಟದ್ದು?

ಲೀಡ್ಸ್_ಕನ್ನಡತಿ
ಅದು ಬೇರೆ, ಅಮೆರಿಕದ್ದು, 1913ರಲ್ಲಿ ಶುರುವಾಗಿದ್ದು. ಇದು ಲಂಡನ್ನಿನದು. 1868ರ ನವೆಂಬರ್‌ನಲ್ಲಿ ಥಾಮಸ್ ಗಿಬ್ಸನ್ ಬೌಲ್ಸ್ ಶುರು ಮಾಡಿದ್ರು, 1914ರಲ್ಲಿ ನಿಂತುಹೋಯ್ತು. ಮೊದಲ ಕೆಲವು ವಾರ ಬಣ್ಣದ ಚಿತ್ರ ಇರಲಿಲ್ಲ. 1869ರ ಜನವರಿ 30ಕ್ಕೆ ರಾಜಕಾರಣಿ ಡಿಸ್ರೇಲಿ ಚಿತ್ರ ಹಾಕಿದ್ರು, ಮುಂದಿನ ವಾರ ಅವರ ಎದುರಾಳಿ ಗ್ಲ್ಯಾಡ್‌ಸ್ಟನ್. ಆಮೇಲೆ ವಾರಕ್ಕೊಬ್ಬರು. ಆ ಮೊದಲ ಚಿತ್ರಗಳನ್ನು ಬರೆದವರು ಇಟಲಿಯ ಕಾರ್ಲೊ ಪೆಲೆಗ್ರಿನಿ. ಅವರ ಸಹಿ ‘ಏಪ್’.

ಚೌಕಟ್ಟು_ಹುಬ್ಬಳ್ಳಿ
ನಾನು ಇಪ್ಪತ್ತೆರಡು ವರ್ಷದಿಂದ ಫ್ರೇಮಿನ ಕೆಲಸಾನ ಮಾಡ್ತೀನ್ರಿ. ನಮ್ಮವರು ಯಾರೋ ಲ್ಯಾಮಿನೇಟ್ ಅಂದಾರ ಅಂದ್ರ ಬ್ಯಾಸರ ಆಗ್ತದ. ಆದ್ರ ಅವರ ತಪ್ಪಷ್ಟ ಅಲ್ರಿ. ದಿನಾ ದೇವರ ಫೋಟೋ, ಮದವಿ ಫೋಟೋ ಮಾಡೋರಿಗೆ ಹಳೇ ಕಾಗದದ ವಿಚಾರ ಯಾರೂ ಹೇಳಿಕೊಟ್ಟಿರಂಗಿಲ್ಲ. ನನಗೂ ಮೊದಲ ಹತ್ತು ವರ್ಷ ಗೊತ್ತಿರಲಿಲ್ಲ.

ಆ ಕಂದು ಗೆರಿ ಐತೆಲ್ಲ, ಅದು ರಟ್ಟಿನ ಸುಟ್ಟಗಾಯ. ಹಳೇ ಮೌಂಟ್‌ಬೋರ್ಡ್ ಮರದ ತಿರುಳಿನಿಂದ ಮಾಡಿದ್ದು, ಅದರಾಗ ಹುಳಿ ಇರ್ತದ. ವರ್ಷಗಟ್ಟಲೆ ಆ ಹುಳಿ ಕಾಗದಕ್ಕ ಇಳಿತದ, ಕತ್ತರಿಸಿದ ಅಂಚಿನ ಗುಂಟ ಸುಡ್ತದ. ಅಂದ್ರ ಬಿಚ್ಚದ ಬಿಟ್ರ ದಿನಾ ಇನ್ನಷ್ಟು ಸುಡ್ತದ. ನನ್ನ ಮಾತು: ಬಿಚ್ರಿ. ಆದ್ರ ನಿಧಾನಕ್ಕ ಬಿಚ್ರಿ.

ತಿಪ್ಪಸಂದ್ರ_ರಾಯರು
ನಾನು ಒಪ್ಪುವುದಿಲ್ಲ. ಹಳೆಯ ಚೌಕಟ್ಟು ಮುಟ್ಟಿದರೆ ಬೆಲೆಯೇ ಹೋಗುತ್ತದೆ. ಚಿತ್ರ, ಗಾಜು, ಚೌಕಟ್ಟು ಎಲ್ಲ ಒಟ್ಟಿಗೆ ಇದ್ದರೆ ಮಾತ್ರ ಅದು ಪುರಾತನ ವಸ್ತು. ಇಷ್ಟು ವರ್ಷ ಉಳಿದಿದೆ, ಹಾಗೇ ಇರಲಿ ಬಿಡಿ.

ಲೀಡ್ಸ್_ಕನ್ನಡತಿ
ರಾಯರೇ, ಈ ಚಿತ್ರಗಳು ಚೌಕಟ್ಟಿನಲ್ಲಿ ಹುಟ್ಟಿದ್ದಲ್ಲ. ಪತ್ರಿಕೆಯೊಳಗೆ ಮಡಚದೇ ಇಟ್ಟ ಬಿಡಿ ಹಾಳೆ. ಕೊಂಡವರು ಆಮೇಲೆ ಫ್ರೇಮ್ ಹಾಕಿಸಿದ್ದು, ಕೆಲವರು ಆಗಲೇ, ಬಹಳ ಜನ ನೂರು ವರ್ಷ ಬಿಟ್ಟು. ಕಪ್ಪು ಮರಕ್ಕೆ ಚಿನ್ನದ ಗೆರೆ ಇರೋ ಮಾದರಿಗೆ ಇಲ್ಲಿ ಹೋಗಾರ್ತ್ ಫ್ರೇಮ್ ಅಂತಾರೆ, ಅದನ್ನ ಇವತ್ತೂ ಮಾಡ್ತಾರೆ. ಮಾವ ಅರವತ್ತರಲ್ಲಿ ಕೊಂಡಿದ್ದಾದ್ರೆ ಫ್ರೇಮ್ ಕೂಡ ಅರವತ್ತರದ್ದೇ ಇರಬಹುದು.

ಚೌಕಟ್ಟು_ಹುಬ್ಬಳ್ಳಿ
ಹಿಂದ ತಿರುಗಿಸಿ ನೋಡಿದ್ರ ಗೊತ್ತಾಗ್ತದ. ಸ್ಟೇಪಲ್ ಪಿನ್ನು, ಹಾರ್ಡ್‌ಬೋರ್ಡು ಇದ್ರ ಇತ್ತೀಚಿಂದು. ತೆಳು ಮರದ ಹಲಗಿ, ಸಣ್ಣ ಮೊಳಿ, ಗಾಜು ಓರೆಯಾಗಿ ಹಿಡಿದ್ರ ಅಲೆ ಅಲೆ ಕಾಣಿಸಿದ್ರ ಹಳೇದು. ಹಳೇದಿದ್ರ ಚೌಕಟ್ಟು ಗಾಜು ಎರಡೂ ಇಟ್ಕೊಂಡು ಒಳಗಿನ ರಟ್ಟಷ್ಟ ಬದಲಿ ಮಾಡ್ರಿ. ರಾಯರಿಗೂ ಸಮಾಧಾನ, ಕಾಗದಕ್ಕೂ ಸಮಾಧಾನ.

ಹಳೇಪೆಟ್ಟಿಗೆ
ಹಿಂದೆ ನೋಡಿದೆ. ಗಲ್ ಚಿತ್ರಕ್ಕೆ ಹಲಗೆ, ಸಣ್ಣ ಮೊಳೆ, ಕಂದು ಕಾಗದ ಅಂಟಿಸಿದ್ದಾರೆ. ಎಡಿನ್‌ಬರ್ಗ್‌ನ ಒಂದು ಅಂಗಡಿಯ ಅರ್ಧ ಹರಿದ ಚೀಟಿಯೂ ಇದೆ. ಗ್ರೇಸ್ ಚಿತ್ರಕ್ಕೆ ಹಾರ್ಡ್‌ಬೋರ್ಡು. ಮುಂದೆಯಿಂದ ನೋಡಿದ್ರೆ ಎರಡೂ ಒಂದೇ ಥರ!

ವೈದ್ಯೆ_ಶಿವಮೊಗ್ಗ
ಸರ್ ವಿಲಿಯಂ ಗಲ್ ಅಂದ ತಕ್ಷಣ ನಿಂತು ಓದಿದೆ. ಊಟ ಬಿಟ್ಟು ಸೊರಗುವ ಮಾನಸಿಕ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಅನ್ನುವ ಹೆಸರು ಬಳಕೆಗೆ ತಂದವರು ಅವರೇ, 1873ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ವೇಲ್ಸ್ ರಾಜಕುಮಾರನ ವಿಷಮಶೀತ ಜ್ವರ ನೋಡಿಕೊಂಡು ಬ್ಯಾರನೆಟ್ ಅನ್ನುವ ವಂಶಪಾರಂಪರ್ಯದ ‘ಸರ್’ ಪದವಿ ಪಡೆದವರು. ಇನ್ನು ಗ್ರೇಸ್ ಕೂಡ ಡಾಕ್ಟರೇ. 1879ರಲ್ಲಿ ವೈದ್ಯಕೀಯ ಮುಗಿಸಿದರು, ಆಡುತ್ತಲೇ ರೋಗಿಗಳನ್ನೂ ನೋಡಿದರು. ನಿಮ್ಮ ಮಾವ ಸುಮ್ಮನೆ ಕೈಗೆ ಸಿಕ್ಕ ಎರಡು ಚಿತ್ರ ತಂದಿಲ್ಲ ಅನ್ನಿಸುತ್ತೆ. ಇಬ್ಬರು ಡಾಕ್ಟರನ್ನು ಆರಿಸಿ ತಂದಿದ್ದಾರೆ.

ಹಳೇಪೆಟ್ಟಿಗೆ
ಮೇಡಂ, ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ, ಅತ್ತುಬಿಟ್ರು.

ಕುಡ್ಲ_ಭಟ್ರು
ಅಸಲಿ ಕಂಡುಹಿಡಿಯುವುದು ಹೇಗೆ ಅಂತ ಯಾರಾದ್ರೂ ಸರಿಯಾಗಿ ಹೇಳಿ ಮಾರಾಯ್ರೆ. ನನ್ನ ಹತ್ರವೂ ಒಂದು ಉಂಟು.

ಕಾಗದದ_ಒಡನಾಡಿ
ಹೇಳ್ತೀನಿ. ನನ್ನ ಉದ್ಯೋಗವೇ ಕಾಗದ ಸಂರಕ್ಷಣೆ, ಸ್ವಲ್ಪ ಉದ್ದ ಆಗುತ್ತೆ.

ನಮ್ಮೆಲ್ಲರ ಅಜ್ಜಿಮನೆಯಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿ ಇದ್ದರಲ್ಲ? ಅವು ಅಚ್ಚಾಗಿದ್ದು ಬಣ್ಣದ ಕಲ್ಲಚ್ಚಿನಲ್ಲಿ. ರವಿವರ್ಮ ಪ್ರೆಸ್ ಮುಂಬೈಯಲ್ಲಿ 1894ರಲ್ಲಿ ಶುರುವಾಯ್ತು. ವ್ಯಾನಿಟಿ ಫೇರ್ ಚಿತ್ರಗಳೂ ಅದೇ ವಿಧಾನದವು. ನುಣುಪು ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೀತಾರೆ, ಕಲ್ಲನ್ನ ಒದ್ದೆ ಮಾಡ್ತಾರೆ. ನೀರು ನಿಂತಲ್ಲಿ ಶಾಯಿ ಹಿಡಿಯಲ್ಲ, ಜಿಡ್ಡಿರೋ ಕಡೆ ಹಿಡಿಯುತ್ತೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಸ್ಪೈ ಕೊಟ್ಟ ಜಲವರ್ಣ ಚಿತ್ರವನ್ನ ಕಲ್ಲಿಗೆ ಇಳಿಸ್ತಿದ್ದವರು ಅಚ್ಚುಕೂಟದ ಕುಶಲಕರ್ಮಿಗಳು. ಅವರ ಹೆಸರು ಚಿತ್ರದಲ್ಲಿ ಎಲ್ಲೂ ಇಲ್ಲ, ಅಚ್ಚುಕೂಟದ ಹೆಸರು ಮಾತ್ರ ಚಿತ್ರದ ಕೆಳಗೆ ಚಿಕ್ಕ ಅಕ್ಷರದಲ್ಲಿರುತ್ತೆ. ಬಹುತೇಕ ‘ವಿನ್ಸೆಂಟ್ ಬ್ರೂಕ್ಸ್, ಡೇ ಆ್ಯಂಡ್ ಸನ್’.

ಈಗ ಪರೀಕ್ಷೆ. ಹತ್ತು ಪಟ್ಟು ದೊಡ್ಡದು ಮಾಡೋ ಭೂತಗನ್ನಡಿ ತಗೊಳ್ಳಿ, ಮುಖದ ಭಾಗ ನೋಡಿ. ಕಲ್ಲಚ್ಚಾದ್ರೆ ಚುಕ್ಕೆಗಳು ಅಡ್ಡಾದಿಡ್ಡಿ ಇರುತ್ತವೆ, ದೊಡ್ಡದು ಚಿಕ್ಕದು, ಕೈಯಲ್ಲಿ ಇಟ್ಟ ಹಾಗೆ. ಬಣ್ಣದ ಮೇಲೆ ಬಣ್ಣ ಚಪ್ಪಟೆಯಾಗಿ ಕೂತಿರುತ್ತೆ. ಆಫ್‌ಸೆಟ್ ಯಂತ್ರದಲ್ಲಿ, ಅಂದ್ರೆ ಈಗಿನ ಕಾಲದ ಅಚ್ಚಿನಲ್ಲಿ, ಮಾಡಿದ ಮರುಮುದ್ರಣವಾದ್ರೆ ಚುಕ್ಕೆಗಳು ಸಾಲಾಗಿ, ಸಣ್ಣ ಸಣ್ಣ ಹೂವಿನ ಹಾಗೆ ಜೋಡಿಸಿರುತ್ತವೆ. ಇವತ್ತಿನ ದಿನಪತ್ರಿಕೆಯ ಫೋಟೋ ಪಕ್ಕದಲ್ಲಿಟ್ಟು ಹೋಲಿಸಿ, ಒಂದು ಸಲ ಕಣ್ಣಿಗೆ ಬಿದ್ರೆ ಮರೆಯಲ್ಲ. ಈ ಪರೀಕ್ಷೆಗೆ ಗಾಜು ತೆಗೆಯಲೇಬೇಕು.

ಮತ್ತೆ ಅಳತೆ. ಅಸಲಿ ಹಾಳೆ ಸುಮಾರು 15 ಇಂಚು ಉದ್ದ, 10 ಇಂಚು ಅಗಲ. ಚಿತ್ರ ಸುಮಾರು 12ಕ್ಕೆ 7. ಮೇಲೆ ಪತ್ರಿಕೆಯ ಹೆಸರು, ತಾರೀಖು ಇರಬೇಕು. ಎಷ್ಟೋ ಸಲ ಅದು ರಟ್ಟಿನ ಕೆಳಗೆ ಮುಚ್ಚಿಹೋಗಿರುತ್ತೆ. ಹಿಂಬದಿ ಖಾಲಿ ಇದ್ರೆ ಗಾಬರಿಯಾಗಬೇಡಿ, ಅಸಲಿಯಲ್ಲೂ ಖಾಲಿಯೇ.

ಮಂಡ್ಯದ_ಮಗ
ಭೂತಗನ್ನಡಿ ಸಿಕ್ಕಲಿಲ್ಲ, ಫೋನಿನ ಮ್ಯಾಕ್ರೋ ಕ್ಯಾಮೆರಾದಲ್ಲಿ ಮನೆಯ ಕ್ಯಾಲೆಂಡರ್ ನೋಡಿದೆ. ಹೂವಿನ ಥರ ಚುಕ್ಕೆ ಕಾಣಿಸ್ತು!

ಇಷ್ಟೆಲ್ಲ ಹೇಳ್ತಿದ್ದೀರಿ, ನಮ್ಮ ಶ್ರೀರಂಗಪಟ್ಟಣದ ಮೇಲೂ ಒಂದು ವಿಕ್ಟೋರಿಯಾ ಕಾಲದ ವ್ಯಂಗ್ಯಚಿತ್ರ ಇದೆಯಂತೆ. ಟಿಪ್ಪು ಕೋಟೆ ಗೋಡೆ ಮೇಲೆ ನಿಂತು ಇಂಗ್ಲಿಷರ ಮೇಲೆ ಉಚ್ಚೆ ಹೊಯ್ಯೋದು. ಅದು ಸಿಗುತ್ತಾ?

ತಿಪ್ಪಸಂದ್ರ_ರಾಯರು
ಇದೆ, ಆದರೆ ವಿಕ್ಟೋರಿಯಾ ಕಾಲದ್ದಲ್ಲ. ಅದು ಇಂಗ್ಲಿಷ್ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಮಾಡಿದ್ದು, 1791ರ ಡಿಸೆಂಬರ್. ವಿಕ್ಟೋರಿಯಾ ಹುಟ್ಟಿದ್ದೇ 1819ರಲ್ಲಿ, ಪಟ್ಟಕ್ಕೆ ಬಂದದ್ದು 1837ರಲ್ಲಿ. ಗಿಲ್ರೇ 1815ರಲ್ಲೇ ತೀರಿಕೊಂಡಿದ್ದರು.

ಕಥೆ ಗೊತ್ತಲ್ಲ? 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅರಕೆರೆ ಹತ್ತಿರ ಕಾಳಗದಲ್ಲಿ ಗೆದ್ದರೂ ಪಟ್ಟಣಕ್ಕೆ ಮುತ್ತಿಗೆ ಹಾಕಲಾಗಲಿಲ್ಲ. ಮಳೆ ಹಿಡಿಯಿತು, ದವಸ ಇಲ್ಲ, ಫಿರಂಗಿ ಎಳೆಯುವ ಎತ್ತುಗಳು ಸಾಲು ಸಾಲಾಗಿ ಸತ್ತವು. ದೊಡ್ಡ ಫಿರಂಗಿಗಳನ್ನು ತಾನೇ ನಾಶ ಮಾಡಿ ಬೆಂಗಳೂರಿಗೆ ಹಿಂದಿರುಗಿದ. ಸುದ್ದಿ ಹಡಗಿನಲ್ಲಿ ಲಂಡನ್ ತಲುಪುವಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಗಿಲ್ರೇ ಅವನನ್ನು ಕತ್ತೆಯ ಮೇಲೆ ಕೂರಿಸಿ ಓಡಿಸಿದ, ಟಿಪ್ಪುವಿನ ಧಾರೆಗೆ ‘ಮಳೆಗಾಲದ ಆಗಮನ’ ಎಂಬರ್ಥದ ಶೀರ್ಷಿಕೆ ಕೊಟ್ಟ. ಅದು ತಾಮ್ರದ ತಗಡಿನ ಅಚ್ಚು, ಬಣ್ಣ ಹಚ್ಚಿದ್ದು ಕೈಯಲ್ಲಿ. ಕಲ್ಲಚ್ಚಿಗಿಂತ ಬೇರೆಯೇ ಜಗತ್ತು.

ಮಂಡ್ಯದ_ಮಗ
ಅರಕೆರೆ ನಮ್ಮ ಅಜ್ಜಿ ಊರು ರಾಯರೇ! ವಾರಕ್ಕೊಂದ್ಸಲ ಹೋಗ್ತಿದ್ದ ಊರಿನ ಯುದ್ಧ ಲಂಡನ್ನಲ್ಲಿ ಚಿತ್ರ ಆಗಿ ಮಾರಾಟ ಆಗಿತ್ತು ಅಂತ ಇವತ್ತು ಗೊತ್ತಾಯ್ತು. ಅಂದ್ರೆ ಅವರ ಸೇನಾಪತಿಯನ್ನ ಅವರೇ ಕತ್ತೆ ಮೇಲೆ ಕೂರಿಸಿದ್ರಾ?

ತಿಪ್ಪಸಂದ್ರ_ರಾಯರು
ಅವರೇ. ಅದಕ್ಕೇ ಈ ಹಾಳೆಗಳು ನನಗೆ ಇಷ್ಟ.

ನೇರನುಡಿ
ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮನ್ನ ಆಳಿದವರ ಚಿತ್ರ ದುಡ್ಡು ಕೊಟ್ಟು ತಂದು ನಮ್ಮ ಗೋಡೆಗೆ ಯಾಕೆ ಹಾಕ್ಬೇಕು? ಸಿಪಾಯಿ ದಂಗೆಯ ಹೊತ್ತಲ್ಲಿ, 1857ರ ಆಗಸ್ಟ್ 22ರಂದು, ಲಂಡನ್ನಿನ ‘ಪಂಚ್’ ಹಾಸ್ಯ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರ ಟೆನಿಯಲ್ ಬರೆದದ್ದು ನೋಡಿದ್ದೀರಾ? ಬ್ರಿಟಿಷ್ ಸಿಂಹ ಬಂಗಾಳದ ಹುಲಿಯ ಮೇಲೆ ಎರಗ್ತಿರೋದು. ಹೆಂಗಸು ಮಗುವನ್ನ ಕೆಳಗೆ ಬೀಳಿಸಿದ ಕ್ರೂರ ಹುಲಿ ನಾವು, ನ್ಯಾಯ ಕೊಡೋ ಸಿಂಹ ಅವರು. ಆ ಚಿತ್ರ ಓದುಗರಲ್ಲಿ ಸೇಡಿನ ಹಸಿವು ಹುಟ್ಟಿಸ್ತು. ಅದೇ ತಿಂಗಳುಗಳಲ್ಲಿ ಉತ್ತರ ಭಾರತದ ಊರೂರಲ್ಲಿ ಜನರನ್ನ ಮರಕ್ಕೆ ನೇತುಹಾಕಿದ್ರು. ಇದನ್ನ ‘ಹಾಸ್ಯ’ ಅಂತ ಚೌಕಟ್ಟು ಹಾಕಿಸೋದು ನನಗೆ ಆಗಲ್ಲ.

ಲೀಡ್ಸ್_ಕನ್ನಡತಿ
ಬೇಜಾರೇನಿಲ್ಲ, ಕೇಳಬೇಕಾದ ಪ್ರಶ್ನೆಯೇ. ಆ ಟೆನಿಯಲ್ ಚಿತ್ರ ನಾನೂ ಗೋಡೆಗೆ ಹಾಕಲ್ಲ. ಆದರೆ ನನ್ನ ಹತ್ತಿರ ಫೋಲ್ಡರಿನಲ್ಲಿ ಇದೆ. ಮಗಳ ಶಾಲೆಯಲ್ಲಿ ಸಾಮ್ರಾಜ್ಯದ ಪಾಠ ಬಂದಾಗ ಕೊಟ್ಟು ಕಳಿಸಿದೆ. ಪಠ್ಯಪುಸ್ತಕದ ಎರಡು ಸಾಲು ಮಾಡದ ಕೆಲಸವನ್ನ ಆ ಒಂದು ಹಾಳೆ ಮಾಡ್ತು.

ಸಹಕಾರನಗರ_ಸೀತಾ
ನೇರನುಡಿ ಅವರೇ, ಪಂಚ್ ಬೇರೆ, ವ್ಯಾನಿಟಿ ಫೇರ್ ಬೇರೆ. ಪಂಚ್‌ನಲ್ಲಿ ದೇಶಗಳನ್ನು ಪ್ರಾಣಿ ಮಾಡಿ ಬರೆಯುತ್ತಿದ್ದರು, ವ್ಯಾನಿಟಿ ಫೇರ್‌ನಲ್ಲಿ ಒಬ್ಬೊಬ್ಬ ವ್ಯಕ್ತಿ. ಅದೂ ಅವರವರ ಮಂತ್ರಿಗಳು, ಪಾದ್ರಿಗಳು, ನ್ಯಾಯಾಧೀಶರು. ದೊಡ್ಡ ಹೊಟ್ಟೆ, ಬಾಗಿದ ಬೆನ್ನು, ಯಾವುದನ್ನೂ ಬಿಡಲಿಲ್ಲ.

ನೇರನುಡಿ
ಪೂರ್ತಿ ಒಪ್ಪಲ್ಲ. ಆರಂಭದ ಪೆಲೆಗ್ರಿನಿ ಚಿತ್ರಗಳಲ್ಲಿ ಕಚಗುಳಿ ಇದೆ, ಚುಚ್ಚೂ ಇದೆ. ಸ್ಪೈ ಬರ್ತಾ ಬರ್ತಾ ಮೆದುವಾದ್ರು. ಕೊನೆಕೊನೆಗೆ ಅವರದ್ದು ವ್ಯಂಗ್ಯವೇ ಅಲ್ಲ, ದೊಡ್ಡವರ ಮರ್ಯಾದೆಯ ಭಾವಚಿತ್ರ. 1918ರಲ್ಲಿ ಅವರಿಗೂ ‘ಸರ್’ ಪದವಿ ಬಂತು.

ಲೀಡ್ಸ್_ಕನ್ನಡತಿ
ಈ ಮಾತು ನಿಜ. ನಾನು ಹುಡುಕೋದು 1869ರಿಂದ 1880ರೊಳಗಿನವನ್ನೇ. ಆದರೂ ಸ್ಪೈ ಕೆಲಸ ಮಾಡ್ತಿದ್ದ ರೀತಿ ನೋಡಿ. ಎದುರು ಕೂರಿಸಿಕೊಂಡಲ್ಲ, ಎಷ್ಟೋ ಸಲ ಸಂಸತ್ತಿನಲ್ಲಿ, ಚರ್ಚಿನಲ್ಲಿ, ಕುದುರೆ ಜೂಜಿನಲ್ಲಿ ದೂರದಿಂದ ಗಮನಿಸಿ, ಮನೆಗೆ ಬಂದು ನೆನಪಿನಿಂದ ಬರೀತಿದ್ರು.

ವಕೀಲ_ಧಾರವಾಡ
ನಮ್ಮ ಸೀನಿಯರ್ ಚೇಂಬರದಾಗ ಇಂಥವು ನಾಕು ಇದ್ವು, ಎಲ್ಲಾ ಜಡ್ಜುಗಳು. ಕೆಂಪು ನಿಲುವಂಗಿ, ಬಿಳಿ ವಿಗ್ಗು. ಪ್ರಪಂಚದಾಗ ಎಲ್ಲಾ ವಕೀಲರಿಗೂ ಅವು ಬೇಕ್ರಿ. ಹಿಂಗಾಗಿ ಜಡ್ಜುಗಳಿಗೆ ರೇಟ್ ಜಾಸ್ತಿ. ಕ್ರಿಕೆಟ್, ಗಾಲ್ಫ್ ಅದಕ್ಕಿಂತ ಜಾಸ್ತಿ. ಯಾರಿಗೂ ನೆನಪಿಲ್ಲದ ಸಂಸದರು, ಪಾದ್ರಿಗಳು ಅಗ್ಗಕ್ಕ ಸಿಗ್ತಾರ. ರಣಜಿತ್‌ಸಿಂಹಜಿಯವರದು 1897ರ ಆಗಸ್ಟ್ 26ಕ್ಕ ಬಂದದ್ದು, ಅದೂ ಸ್ಪೈ ಚಿತ್ರಾನ. ಅದನ್ನ ಹುಡುಕಾಕ ಹತ್ತಿ ಆರು ವರ್ಷ ಆತು.

ಕುಡ್ಲ_ಭಟ್ರು
ರಣಜಿ ನನ್ನ ಹತ್ರ ಉಂಟು! ಅದನ್ನೇ ಹೇಳಲಿಕ್ಕೆ ಹೊರಟದ್ದು. ಆದ್ರೆ ಅಸಲಿಯೋ ಅಲ್ಲವೋ ಗೊತ್ತಿಲ್ಲ. ಮತ್ತೆ ನಮ್ಮ ಊರಿನ ಮಳೆಗಾಲ ನಿಮಗೆ ಗೊತ್ತಲ್ಲ. ಗಾಜಿನ ಒಳಗೆ ಬೂಷ್ಟು, ಬೆಳ್ಳಿಹುಳ ಒಂದು ಕಿವಿ ತಿಂದಿದೆ.

ವಕೀಲ_ಧಾರವಾಡ
ಯಾರ ಕಿವಿ, ರಣಜಿಯವರದ?

ಕುಡ್ಲ_ಭಟ್ರು
ಹೌದು ಮಾರಾಯ್ರೆ. ಇಪ್ಪತ್ತು ವರ್ಷ ಜೋಪಾನ ಮಾಡಿದ್ದು. ಕಳೆದ ಆಷಾಢದಲ್ಲಿ ನೋಡಿದಾಗ ಹೊಟ್ಟೆ ಉರಿದು ಹೋಯ್ತು.

ಕಾಗದದ_ಒಡನಾಡಿ
ಭಟ್ಟರೇ, ಹೊರಗೋಡೆಗೆ ನೇತುಹಾಕಿದ್ದೀರಾ? ಕರಾವಳಿಯಲ್ಲಿ ಮಳೆಗೆ ನೆನೆಯುವ ಗೋಡೆಗೆ ಚಿತ್ರ ಹಾಕಲೇಬಾರದು. ಒಳಗೋಡೆಗೆ ಹಾಕಿ, ಚೌಕಟ್ಟಿನ ಹಿಂದೆ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿ, ಗಾಳಿ ಆಡಲಿ. ಕಾಗದ ಗಾಜಿಗೆ ತಾಗಬಾರದು. ತಾಗಿದ್ರೆ ತೇವಕ್ಕೆ ಅಂಟಿಕೊಳ್ಳುತ್ತೆ, ಆಮೇಲೆ ಬಿಡಿಸೋದು ಬಹಳ ಕಷ್ಟ. ಬೂಷ್ಟನ್ನ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬ್ಲೀಚ್ ಬೇಡವೇ ಬೇಡ. ಬೆಂಗಳೂರಿನಲ್ಲಿ ಪರಂಪರೆ ಉಳಿಸೋ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೆ, ಒಮ್ಮೆ ತೋರಿಸಿ.

ಹಳೇಪೆಟ್ಟಿಗೆಯವರೇ, ನಿಮಗೆ: ಹೊಸ ರಟ್ಟು ಹಾಕುವಾಗ ಹತ್ತಿ ನಾರಿನ ಹುಳಿರಹಿತ ಬೋರ್ಡೇ ಬೇಕು ಅಂತ ಹಠ ಹಿಡಿಯಿರಿ. ಚಿತ್ರವನ್ನ ಬೋರ್ಡಿಗೆ ಪೂರ್ತಿ ಅಂಟಿಸಬಾರದು, ಸೆಲ್ಲೋಟೇಪ್ ಹತ್ತಿರಕ್ಕೂ ಬರಬಾರದು. ಮೇಲಂಚಿನಲ್ಲಿ ಜಪಾನಿ ತೆಳುಕಾಗದದ ಎರಡು ಚಿಕ್ಕ ಪಟ್ಟಿ, ಗೋಧಿ ಗಂಜಿ, ಅಷ್ಟೇ. ನಾಳೆ ನೀರು ತಾಗಿಸಿದ್ರೆ ಬಿಟ್ಟುಬರಬೇಕು. ಬಿಸಿಲು ಬೀಳೋ ಗೋಡೆ ಬೇಡ. ಚುಕ್ಕೆಗಳನ್ನ ಹಾಗೇ ಬಿಡಿ.

ಚೌಕಟ್ಟು_ಹುಬ್ಬಳ್ಳಿ
ಗೋಧಿ ಗಂಜಿ ನಾನೂ ಮನ್ಯಾಗ ಕಾಸ್ತೀನ್ರಿ. ಮೈದಾ ನಡಿತದ ಅಂತ ಭಾಳ ಮಂದಿ ಹೇಳ್ತಾರ, ಬ್ಯಾಡ. ಗೋಧಿಯಿಂದ ತೆಗೆದ ಪಿಷ್ಟಾನ ಬೇಕು. ಮೈದಾದಾಗ ಇರೋ ಅಂಟು ಹುಳಕ್ಕ ಊಟ ಇದ್ದಂಗ.

ಸಹಕಾರನಗರ_ಸೀತಾ
ನನಗೆ ಒಂದು ಮಾತು ಹೇಳಲೇಬೇಕು. ಎಲ್ಲರೂ ಚಿತ್ರದ ಬಗ್ಗೆಯೇ ಮಾತಾಡುತ್ತಿದ್ದೀರಿ. ಪ್ರತಿ ಚಿತ್ರದ ಜೊತೆ ಪತ್ರಿಕೆಯಲ್ಲಿ ಒಂದು ಪುಟ ಬರಹ ಇರುತ್ತಿತ್ತು, ‘ಜೆಹು ಜೂನಿಯರ್’ ಅನ್ನುವ ಹೆಸರಿನಲ್ಲಿ. ಬಹುಕಾಲ ಅದನ್ನು ಬರೆದವರು ಸಂಪಾದಕ ಬೌಲ್ಸ್ ಅವರೇ. ನಿಜವಾದ ಕುಟುಕು ಅಲ್ಲಿತ್ತು. ಚಿತ್ರದಲ್ಲಿ ಮೂಗು ಸ್ವಲ್ಪ ಉದ್ದ ಆಗಿದ್ದರೆ, ಬರಹದಲ್ಲಿ ಆ ಮನುಷ್ಯನ ಬದುಕನ್ನೇ ತೂಕಕ್ಕೆ ಹಾಕುತ್ತಿದ್ದರು.

ಮಾರುವವರು ಏನು ಮಾಡುತ್ತಾರೆ? ಹೊಲಿದು ಬೈಂಡ್ ಮಾಡಿದ ಇಡೀ ವರ್ಷದ ಸಂಪುಟ ಕೊಳ್ಳುತ್ತಾರೆ, ಬ್ಲೇಡಿನಿಂದ ಐವತ್ತೆರಡು ಚಿತ್ರ ಕತ್ತರಿಸುತ್ತಾರೆ, ಬರಹವನ್ನು ಬಿಸಾಡುತ್ತಾರೆ. ಪುಸ್ತಕ ಸತ್ತಿತು, ಗೋಡೆಗಳಿಗೆ ಐವತ್ತೆರಡು ಮುಖ ಬಂತು. ಯಾರು ಅಂತ ಹೇಳುವ ಪುಟ ಇಲ್ಲ. ಅದಕ್ಕೇ ಇವತ್ತು ನಾವು "ಈ ಗಡ್ಡದವರು ಯಾರು" ಅಂತ ಕೇಳಬೇಕಾಗಿದೆ. ನಾನು ಕೊಳ್ಳುವುದಾದರೆ ಪುಟದ ಜೊತೆಗೇ ಕೊಳ್ಳುತ್ತೇನೆ, ಚಿತ್ರ ಮಾತ್ರ ಇದ್ದರೆ ಮುಟ್ಟುವುದಿಲ್ಲ.

ವಕೀಲ_ಧಾರವಾಡ
ಹಂಗಂದ್ರ ಹ್ಯಾಂಗ್ರಿ? ಇಡೀ ಸಂಪುಟ ಕೊಳ್ಳೋ ಶಕ್ತಿ ಎಲ್ಲಾರಿಗೂ ಇರ್ತದೇನು? ಬಿಡಿ ಚಿತ್ರ ಸಿಗದಿದ್ರ ನನ್ನಂಥವರಿಗೆ ಇದರ ರುಚಿನ ಹತ್ತತಿರಲಿಲ್ಲ. ನೂರು ವರ್ಷದ ಹಿಂದನೂ ಜನ ಹರದ ಗ್ವಾಡಿಗೆ ಹಚ್ಯಾರ.

ಸಹಕಾರನಗರ_ಸೀತಾ
ಪತ್ರಿಕೆ ಕೊಂಡವರು ಬಿಡಿ ಹಾಳೆ ಗೋಡೆಗೆ ಹಾಕಿದ್ದು ಬೇರೆ. ಇಷ್ಟು ವರ್ಷ ಒಟ್ಟಾಗಿ ಉಳಿದ ಸಂಪುಟವನ್ನು ಇವತ್ತು ಲಾಭಕ್ಕೆ ಕತ್ತರಿಸುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ವಕೀಲ_ಧಾರವಾಡ
ಆತು, ಈ ಮಾತು ಒಪ್ಕೊಂಡೆ. ಇನ್ನ ಮುಂದ ಮಾರೋರಿಗೆ "ಬರಹದ ಹಾಳಿ ಎಲ್ಲಿ" ಅಂತ ಕೇಳತೀನಿ. ಕೇಳೋರು ಹೆಚ್ಚಾದ್ರ ಬಿಸಾಡೋದು ಕಮ್ಮಿ ಆಗಬಹುದು.

ಕಲಬುರ್ಗಿ_ಹುಡುಗ
ನಾ ಒಂದ್ ಕೇಳ್ಲಿ? ಭಾರತದವ್ರು ಇದರಾಗ ಎಷ್ಟು ಮಂದಿ ಹರ?

ಲೀಡ್ಸ್_ಕನ್ನಡತಿ
ಬಹಳ ಇಲ್ಲ. ರಣಜಿ ಆಗಲೇ ಬಂದ್ರು. ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ 1882ರಲ್ಲಿ, ಕೂಚ್ ಬಿಹಾರದ ಮಹಾರಾಜ 1901ರಲ್ಲಿ. ನಿಮಗೆ ಹತ್ತಿರದವರು ಒಬ್ಬರಿದ್ದಾರೆ: ಹೈದರಾಬಾದಿನ ದಿವಾನ ಸರ್ ಸಾಲಾರ್ ಜಂಗ್, 1876. ಆ ವರ್ಷ ಅವರು ಇಂಗ್ಲೆಂಡಿಗೆ ಬಂದಿದ್ರು.

ಕಲಬುರ್ಗಿ_ಹುಡುಗ
ಸಾಲಾರ್ ಜಂಗ್ ಸಾಹೇಬ್ರಾ! ಅವ್ರು ಬೇರಾರ್ ಪ್ರಾಂತ ವಾಪಸ್ ಕೇಳ್ಳಿಕ್ಕ ಹೋಗಿದ್ರು, ಸಿಗ್ಲಿಲ್ಲ. ನಮ್ಮ ಕಲಬುರ್ಗಿ, ರಾಯಚೂರು, ಬೀದರ್ ಎಲ್ಲಾ ಆಗ ನಿಜಾಮರ ರಾಜ್ಯ. ನಮ್ಮ ಮುತ್ಯಾ ಕಂದಾಯದ ಕಾಗದ ತೋರ್ಸಿ, "ಈ ಜಿಲ್ಲಾ ಪದ್ಧತಿ ಎಲ್ಲಾ ಸಾಲಾರ್ ಜಂಗ್ ಮಾಡಿದ್ದು" ಅಂತಿದ್ರು. ಆ ಚಿತ್ರ ಎಲ್ಲ್ಯಾರ ಕಂಡ್ರ ಹೇಳ್ರಿ ಅಕ್ಕಾ. ಅದರ ಬರಹದ ಹಾಳಿನೂ ಬೇಕ್ರಿ. ಅವ್ರ ಬಗ್ಗೆ ಲಂಡನ್‌ದವ್ರು ಏನ್ ಬರ್ದಾರ ಅಂತ ನೋಡ್ಬೇಕು.

ಮಂಡ್ಯದ_ಮಗ
ನಮ್ಮ ಮೈಸೂರಿನವರು ಯಾರೂ ಇಲ್ವಾ?

ತಿಪ್ಪಸಂದ್ರ_ರಾಯರು
ಮೈಸೂರಿಗೆ ಸಂಬಂಧಪಟ್ಟ ಒಬ್ಬರ ಚಿತ್ರ ನನ್ನ ಹತ್ತಿರ ಇದೆ: ಲಾರ್ಡ್ ರಿಪ್ಪನ್, 1869ರದ್ದು, ಪೆಲೆಗ್ರಿನಿ ಬರೆದದ್ದು. ಆಗಿನ್ನೂ ವೈಸರಾಯ್ ಆಗಿರಲಿಲ್ಲ. 1881ರ ಮಾರ್ಚ್ 25ರಂದು ಐವತ್ತು ವರ್ಷದ ಮೇಲೆ ರಾಜ್ಯ ಮತ್ತೆ ಒಡೆಯರ ಕೈಗೆ ಬಂದಾಗ ವೈಸರಾಯ್ ಆಗಿದ್ದವರು ಅವರೇ.

ವೈದ್ಯೆ_ಶಿವಮೊಗ್ಗ
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದರೂ. ನಮ್ಮಲ್ಲೂ ಡಾಕ್ಟರೊಬ್ಬರು ಹಾಸ್ಯ ಪತ್ರಿಕೆ ನಡೆಸಿದರಲ್ಲ, ರಾಶಿಯವರ ‘ಕೊರವಂಜಿ’. 1942ರಲ್ಲಿ ಶುರು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದರು. ಅದರ ಹಳೆಯ ಸಂಚಿಕೆಗಳನ್ನು ಇಷ್ಟೇ ಜೋಪಾನವಾಗಿ ಯಾರು ಇಟ್ಟಿದ್ದಾರೆ? ನಮ್ಮ ತಂದೆಯ ಕಂತೆಯನ್ನು ಗೆದ್ದಲು ತಿಂದಿತು. ಇಂಗ್ಲೆಂಡಿನ ಮರೆತ ಸಂಸದನ ಮುಖ ಉಳಿದಿದೆ, ನಮ್ಮ ನಗು ಉಳಿದಿಲ್ಲ ಅಂತ ಸಂಕಟ ಆಗುತ್ತೆ.

ಕಾಗದದ_ಒಡನಾಡಿ
ಕೊರವಂಜಿ ಇರೋರು ದಯವಿಟ್ಟು ಸ್ಕ್ಯಾನ್ ಮಾಡಿಸಿ. ಆ ಕಾಲದ ನಮ್ಮ ಅಗ್ಗದ ಕಾಗದ 1875ರ ಈ ಹಾಳೆಗಿಂತ ಬೇಗ ಪುಡಿಯಾಗುತ್ತೆ. ಕಾಯೋ ಸಮಯ ಅಲ್ಲ.

ನೇರನುಡಿ
ಇದಕ್ಕೆ ನನ್ನ ಪೂರ್ತಿ ಬೆಂಬಲ. ವ್ಯಂಗ್ಯಚಿತ್ರ ನೋಡೋ ಆಸೆ ಇರೋರು ಬೆಂಗಳೂರಿನ ಎಂ.ಜಿ. ರಸ್ತೆ ಹತ್ತಿರದ ಕಾರ್ಟೂನ್ ಗ್ಯಾಲರಿಗೂ ಹೋಗಿ ಬನ್ನಿ.

ಹಳೇಪೆಟ್ಟಿಗೆ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬಿಚ್ಚಿದೆ. ಅಮ್ಮ ಪಕ್ಕದಲ್ಲೇ ಕೂತಿದ್ರು.

ಮೊದಲು ಗ್ರೇಸ್. ಭೂತಗನ್ನಡಿ ಇಟ್ಟ ಕೂಡಲೇ ಗೊತ್ತಾಯ್ತು, ಸಾಲು ಸಾಲು ಹೂವಿನ ಚುಕ್ಕೆ. ಹಾಳೆ ಚಿಕ್ಕದು, ಅಚ್ಚುಕೂಟದ ಹೆಸರಿಲ್ಲ. ಮರುಮುದ್ರಣ.

ಆಮೇಲೆ ಗಲ್. ಹಿಂದಿನ ಹಲಗೆ ತೆಗೆಯೋಕೆ ಒಂದು ಗಂಟೆ ಹಿಡೀತು, ಮೊಳೆ ತುಕ್ಕು ಹಿಡಿದಿದ್ವು. ರಟ್ಟು ಎತ್ತಿದಾಗ ಮೇಲೆ ಮುಚ್ಚಿಹೋಗಿದ್ದ ‘ವ್ಯಾನಿಟಿ ಫೇರ್’ ಅನ್ನೋ ಹೆಸರು, ‘ಡಿಸೆಂಬರ್ 18, 1875’ ಕಾಣಿಸ್ತು. ಕೆಳಗೆ ವಿನ್ಸೆಂಟ್ ಬ್ರೂಕ್ಸ್ ಹೆಸರೂ ಇದೆ. ಮುಖದಲ್ಲಿ ಚುಕ್ಕೆಗಳು ಅಡ್ಡಾದಿಡ್ಡಿ, ಕೆನ್ನೆಯ ಕೆಂಪು ಕೆಳಗಿನ ಬಣ್ಣದ ಮೇಲೆ ತೆಳ್ಳಗೆ ಕೂತಿದೆ. ಕಾಗದದ ಒಡನಾಡಿಯವರು ಹೇಳಿದ್ದು ಅಕ್ಷರಶಃ ಹಾಗೇ. ಬರಹದ ಪುಟ ಮಾತ್ರ ಇಲ್ಲ.

ತಿಪ್ಪಸಂದ್ರ_ರಾಯರು
ಅಭಿನಂದನೆ. ಬಿಚ್ಚಬೇಡಿ ಎಂದಿದ್ದೆ, ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ. ಆ ತಾರೀಖು ರಟ್ಟಿನ ಕೆಳಗೆಯೇ ಉಳಿದುಬಿಡುತ್ತಿತ್ತು. ಗ್ರೇಸ್ ಚಿತ್ರವನ್ನು ಯಾರಿಗಾದರೂ ಕೊಟ್ಟುಬಿಡಿ, ಅದಕ್ಕೆ ಬೆಲೆ ಇಲ್ಲ.

ಹಳೇಪೆಟ್ಟಿಗೆ
ಇಲ್ಲ ರಾಯರೇ, ಕೊಡಲ್ಲ. ಅಮ್ಮ ಹೇಳಿದ್ರು, ಮಾವ ಅಲ್ಲಿದ್ದಾಗ ಸ್ಕಾಲರ್‌ಶಿಪ್‌ನಲ್ಲಿ ಉಳಿಸಿ ತಿಂಗಳು ತಿಂಗಳು ಮನೆಗೆ ದುಡ್ಡು ಕಳಿಸ್ತಿದ್ರಂತೆ. ಒಂದು ಅಸಲಿ ಕೊಳ್ಳೋಕೆ ಸಾಧ್ಯವಾಗಿದೆ, ಇನ್ನೊಂದಕ್ಕೆ ಆಗಿಲ್ಲ ಅನ್ಸುತ್ತೆ. ಅದಕ್ಕೂ ಅದೇ ಥರದ ಚೌಕಟ್ಟು ಹುಡುಕಿ ಹಾಕಿಸಿದ್ದಾರೆ. ಎರಡೂ ಜೊತೆಗೇ ಇರುತ್ತವೆ. ಹುಬ್ಬಳ್ಳಿ ಅಣ್ಣ, ಮುಂದಿನ ವಾರ ನಿಮ್ಮ ಹತ್ತಿರ ತರಬಹುದಾ?

ಚೌಕಟ್ಟು_ಹುಬ್ಬಳ್ಳಿ
ಬರ್ರಿ. ಎರಡಕ್ಕೂ ಹತ್ತಿ ಬೋರ್ಡನ ಹಾಕೋಣು. ಆ ಎಡಿನ್‌ಬರ್ಗ್ ಚೀಟಿ ಹರಿಬ್ಯಾಡ್ರಿ, ಪ್ಲಾಸ್ಟಿಕ್ ಕವರಿನಾಗ ಹಾಕಿ ಹಿಂದ ಕೂಡಸ್ತೀನಿ. ಬರುವಾಗ ಎರಡೂ ಚಿತ್ರ ಮಲಗಿಸಿಕೊಂಡು ಬರ್ರಿ, ಸುರಳಿ ಸುತ್ತಬ್ಯಾಡ್ರಿ.

ಸಹಕಾರನಗರ_ಸೀತಾ
1875ರ ಸಂಪುಟ ನಾನು ಹೋಗುವ ಗ್ರಂಥಾಲಯದಲ್ಲಿ ಇದೆಯಾ ನೋಡುತ್ತೇನೆ. ಸಿಕ್ಕರೆ ಗಲ್ ಅವರ ಪುಟ ಕೈಯಲ್ಲಿ ನಕಲು ಮಾಡಿ ಕಳಿಸುತ್ತೇನೆ. ಚಿತ್ರದ ಹಿಂದೆ ಇಡಿ.

ಕುಡ್ಲ_ಭಟ್ರು
ನಾನೂ ರಣಜಿಯನ್ನು ಬಿಚ್ಚಿದೆ. ಚುಕ್ಕೆ ಅಡ್ಡಾದಿಡ್ಡಿ! ಅಸಲಿ! ಕಿವಿ ಇಲ್ಲದಿದ್ರೂ ಅಸಲಿ! ನಾಳೆಯೇ ಒಳಗೋಡೆಗೆ.

ವಕೀಲ_ಧಾರವಾಡ
ಭಟ್ರ, ಮಾರೋ ವಿಚಾರ ಐತೇನ್ರಿ?

ಕುಡ್ಲ_ಭಟ್ರು
ಇಲ್ಲ.

ಲೀಡ್ಸ್_ಕನ್ನಡತಿ
ಕಲಬುರ್ಗಿ ತಮ್ಮ, ಶನಿವಾರ ಇಲ್ಲಿ ಹಳೇ ಕಾಗದದ ಸಂತೆ ಇದೆ. 1876ರ ಪೆಟ್ಟಿಗೆ ಪೂರ್ತಿ ತಡಕಿ ನೋಡ್ತೀನಿ, ಬರಹದ ಹಾಳೆ ಸಮೇತ.

ಕಲಬುರ್ಗಿ_ಹುಡುಗ
ಕಾಯ್ತೀನ್ರಿ ಅಕ್ಕಾ. ಅಂಚ್ ಕತ್ರಿಸಿದ್ರೂ ನಡೀತದ, ಹಾಳಿ ಇದ್ರ ಸಾಕು.